ಹಿಮದ ಗಾಡಿಯೂ ಬಸ್ಸಿನ ಹಿಂದಿನ ಸೀಟೂ

ಊರಿಗೆ ಹೋದಾಗಲೆಲ್ಲ ‘ಏನ್ ಕೆಲಸ ತಮ್ಮಾ ನಿಂದು?’ ಎಂದು ಕೇಳುವವರಿಗೆ ನಾನು ಕೊಡುವ ಉತ್ತರವನ್ನು ಯಾರೂ ಪೂರ್ತಿ ನಂಬುವುದಿಲ್ಲ. ಕೇರಳದಲ್ಲಿದ್ದೇನೆ ಎಂದರೆ ರಬ್ಬರು, ತೆಂಗು, ಆಯುರ್ವೇದ, ಇಲ್ಲವೇ ಸಾಫ್ಟ್‌ವೇರ್ ಎಂದು ಊಹಿಸುತ್ತಾರೆ. ತಿರುವನಂತಪುರದ ಟೆಕ್ನೋಪಾರ್ಕ್ ಎಂದಾಗ ಸಾಫ್ಟ್‌ವೇರೇ ಖಚಿತವಾಗುತ್ತದೆ. ಅಲ್ಲ, ಹಿಮದ ಮೇಲೆ ಓಡುವ ಗಾಡಿಯ ಹಿಂಬದಿಯ ಸಸ್ಪೆನ್ಷನ್ ವಿನ್ಯಾಸ ಮಾಡುತ್ತೇನೆ ಎಂದರೆ ಮಾತು ಅಲ್ಲಿಗೆ ನಿಂತು, ಚಹಾ ಬರುತ್ತದೆ.

ಅಪ್ಪ ಮಾತ್ರ ಬಿಡಲಿಲ್ಲ. ‘ಅಲ್ಲೊ ತಮ್ಮಾ, ಹಿಮದ ಗಾಡಿ ಮಾಡತೀನಿ ಅಂತಿ. ಒಮ್ಮೆರ ಅದರಾಗ ಕುಂತೀಯೇನೊ?’

‘ಇಲ್ಲಪ್ಪಾ. ಹಿಮಾನ ನೋಡಿಲ್ಲ ಇನ್ನೂ.’

‘ಹಂಗಾದ್ರ ಅದು ಎಗರತೈತೋ ಇಲ್ಲೋ ನಿನಗ ಹೆಂಗ ಗೊತ್ತಾಗತೈತಿ?’

ಕುಂದಗೋಳ ತಾಲ್ಲೂಕಿನ ರೈತ ಕೇಳಿದ ಈ ಪ್ರಶ್ನೆಯನ್ನೇ ನನ್ನ ವೃತ್ತಿಯ ದೊಡ್ಡ ದೊಡ್ಡ ಸಭೆಗಳಲ್ಲೂ ಕೇಳುತ್ತಾರೆ. ಅಲ್ಲಿ ಅದಕ್ಕೆ ‘ಕೋರಿಲೇಷನ್’ ಎಂದು ಹೆಸರು, ಅಷ್ಟೇ. ಕಂಪ್ಯೂಟರಿನಲ್ಲಿ ಬಂದ ಗೆರೆಯೂ ನೆಲದ ಮೇಲಿನ ಗಾಡಿಯೂ ಒಂದೇ ಮಾತು ಹೇಳುತ್ತಿವೆಯೇ ಎಂಬ ಪರೀಕ್ಷೆ ಅದು.

ಮೊದಲು ಗಾಡಿಯ ಬಗ್ಗೆ. ಸ್ನೋಮೊಬೈಲ್ ಎಂದರೆ ಮುಂದೆ ಎರಡು ಸ್ಕೀ, ಹಿಂದೆ ಅಗಲವಾದ ಒಂದು ರಬ್ಬರಿನ ಪಟ್ಟಿ. ಸ್ಕೀ ದಾರಿ ತೋರಿಸುತ್ತದೆ, ಪಟ್ಟಿ ದೂಡುತ್ತದೆ. ಈ ಪಟ್ಟಿಗೆ ‘ಟ್ರ್ಯಾಕ್’ ಎನ್ನುತ್ತಾರೆ. ಸಾಮಾನ್ಯವಾಗಿ 15 ಇಂಚು ಅಗಲ. ಸುತ್ತಳತೆ 120 ಇಂಚಿನ ಆಸುಪಾಸಿನಿಂದ ಹಿಡಿದು 165 ಇಂಚು ದಾಟುವವರೆಗೆ. ಗಾಡಿಯ ತೂಕ ಸುಮಾರು 200ರಿಂದ 270 ಕಿಲೊ. ಇಷ್ಟು ತೂಕ, ಮೇಲೆ ಸವಾರ, ಆದರೂ ಪುಡಿ ಹಿಮದಲ್ಲಿ ಹೂತುಹೋಗುವುದಿಲ್ಲ; ಏಕೆಂದರೆ ಪಟ್ಟಿ ನೆಲಕ್ಕೆ ಹಾಕುವ ಒತ್ತಡ ನಮ್ಮ ಪಾದದ ಒತ್ತಡಕ್ಕಿಂತ ಕಡಿಮೆ.

ಚಕ್ರದ ಗಾಡಿಗೆ ಸಸ್ಪೆನ್ಷನ್ ಮಾಡುವುದು ಹಳೆಯ ವಿದ್ಯೆ. ಚಕ್ರ ಒಂದು ಕಡೆ, ಮೈ ಒಂದು ಕಡೆ, ನಡುವೆ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್. ಸ್ನೋಮೊಬೈಲ್‌ನಲ್ಲಿ ತೊಡಕು ಬೇರೆ. ಇಡೀ ಸಸ್ಪೆನ್ಷನ್ ಆ ಪಟ್ಟಿಯ ಸುತ್ತಿನ ಒಳಗೇ ಕೂತಿರುತ್ತದೆ. ನಮ್ಮೂರ ಹಿಟ್ಟಿನ ಗಿರಣಿಯನ್ನು ನೆನೆಸಿಕೊಳ್ಳಿ. ಮೋಟರಿನಿಂದ ಕಲ್ಲಿಗೆ ಉದ್ದನೆಯ ಬೆಲ್ಟು. ಬೆಲ್ಟು ಸಡಿಲವಾದರೆ ಜಾರುತ್ತದೆ, ಬಿಗಿಯಾದರೆ ಬೇರಿಂಗು ಹೋಗುತ್ತದೆ. ಈಗ ಆ ಗಿರಣಿ ಓಡುತ್ತಿರುವಾಗಲೇ ಕಲ್ಲು ಒಂದು ಅಡಿಗೂ ಹೆಚ್ಚು ಮೇಲೆ ಕೆಳಗೆ ಕುಣಿಯುತ್ತದೆ ಎಂದುಕೊಳ್ಳಿ. ಬೆಲ್ಟಿನ ಉದ್ದ ಒಂದಿಂಚೂ ಬದಲಾಗುವಂತಿಲ್ಲ. ಅದು ಜಾರಬಾರದು, ಹರಿಯಬಾರದು. ಸ್ನೋಮೊಬೈಲಿನ ಹಿಂಬದಿ ಎಂದರೆ ಇದೇ.

ಹಾಗಾಗಿ ನಮ್ಮ ಕೆಲಸದಲ್ಲಿ ಸ್ಪ್ರಿಂಗ್ ಎಷ್ಟು ಗಟ್ಟಿ ಇರಬೇಕು ಎನ್ನುವುದಕ್ಕಿಂತ ಮೊದಲು ಬರುವ ಪ್ರಶ್ನೆ, ತೋಳುಗಳನ್ನು ಎಲ್ಲಿ ಕೂರಿಸಬೇಕು ಎನ್ನುವುದು. ಪಟ್ಟಿಯ ಒಳಗೆ ಎರಡು ಅಲ್ಯೂಮಿನಿಯಂ ಹಳಿಗಳಿರುತ್ತವೆ. ಅವುಗಳ ಕೆಳಗೆ ಪ್ಲಾಸ್ಟಿಕ್ಕಿನ ಜಾರುಪಟ್ಟಿ. ಆ ಹಳಿಗಳನ್ನು ಗಾಡಿಯ ಮೈಗೆ ಜೋಡಿಸುವುದು ಮುಂದಿನ ತೋಳು ಮತ್ತು ಹಿಂದಿನ ತೋಳು. ಅವುಗಳ ಉದ್ದ, ಕೀಲಿನ ಜಾಗ, ಓರೆ ಇವುಗಳನ್ನು ಹೊಂದಿಸಿ ಹೊಂದಿಸಿ, ಗಾಡಿ ಪೂರ್ತಿ ಕುಗ್ಗಿದಾಗಲೂ ಪೂರ್ತಿ ಹಿಗ್ಗಿದಾಗಲೂ ಪಟ್ಟಿಯ ಬಿಗಿತ ಹೆಚ್ಚುಕಡಿಮೆ ಅಷ್ಟೇ ಇರುವಂತೆ ಮಾಡಬೇಕು. ಸಡಿಲವಾದರೆ ಪಟ್ಟಿ ಹಲ್ಲುಚಕ್ರದ ಮೇಲೆ ಹಲ್ಲು ಜಿಗಿಯುತ್ತದೆ. ಆ ಟಕಟಕ ಸದ್ದನ್ನು ರೆಕಾರ್ಡಿಂಗ್‌ನಲ್ಲಿ ಕೇಳಿದ್ದೇನೆ. ಒಮ್ಮೆ ಕೇಳಿದರೆ ಮರೆಯುವ ಸದ್ದಲ್ಲ.

ಆ ಜಾರುಪಟ್ಟಿಯೂ ಒಂದು ಸೋಜಿಗ. ಅದಕ್ಕೆ ಎಣ್ಣೆ, ಗ್ರೀಸು ಏನೂ ಇಲ್ಲ. ಪಟ್ಟಿ ಎತ್ತಿ ಎಸೆಯುವ ಹಿಮವೇ ಕರಗಿ ಜಾರಲು ನೀರಾಗುತ್ತದೆ, ತಂಪನ್ನೂ ಕೊಡುತ್ತದೆ. ಹಿಮವಿಲ್ಲದ ಬರೀ ಗಟ್ಟಿ ಮಂಜುಗಡ್ಡೆಯ ಮೇಲೆ ಓಡಿಸಿದರೆ ಪ್ಲಾಸ್ಟಿಕ್ ಕಾದು ಕರಗತೊಡಗುತ್ತದೆ. ಅದಕ್ಕಾಗಿ ಹಳಿಯ ಪಕ್ಕ ಒಂದು ಕಡ್ಡಿ ತೂಗುಬಿಟ್ಟು ಮಂಜುಗಡ್ಡೆಯನ್ನು ಗೀರಿಸಿ ಪುಡಿ ಎಬ್ಬಿಸುತ್ತಾರೆ. ಇಷ್ಟು ಸರಳವಾದ ಉಪಾಯ ಕಂಡಾಗ ನಮ್ಮೂರ ಕಮ್ಮಾರರ ನೆನಪಾಯಿತು.

ಮುಂದಿನ ವಿಷಯ ನನಗೆ ಬೇಗ ತಲೆಗೆ ಹತ್ತಿದ್ದು ಚಕ್ಕಡಿಯ ದೆಸೆಯಿಂದ. ಚಕ್ಕಡಿಗೆ ಹೇರು ಹೇರುವಾಗ ಹಿಂದೆ ಭಾರವಾದರೆ ನೊಗ ಮೇಲೇಳುತ್ತದೆ, ಎತ್ತುಗಳ ಕುತ್ತಿಗೆಗೆ ಹಿಡಿತ ಸಿಗುವುದಿಲ್ಲ. ಮುಂದೆ ಭಾರವಾದರೆ ಕುತ್ತಿಗೆಯ ಮೇಲೆ ಹೊರೆ. ಹಿಂದೆ ಭಾರವಾಗಿ ಏರು ಹತ್ತುವಾಗ ಅಪ್ಪ ನಮ್ಮನ್ನು ಮುಂದಕ್ಕೆ ಸರಿದು ಕೂರಲು ಹೇಳುತ್ತಿದ್ದರು. ಸ್ನೋಮೊಬೈಲ್‌ನಲ್ಲೂ ಇದೇ ಲೆಕ್ಕ. ಆಕ್ಸಿಲರೇಟರ್ ಒತ್ತಿದ ಕೂಡಲೇ ಹಿಂಬದಿ ಕುಸಿದು ಸ್ಕೀ ಹಗುರಾಗುತ್ತದೆ. ಸ್ವಲ್ಪ ಹಗುರಾಗುವುದು ಒಳ್ಳೆಯದೇ, ಪಟ್ಟಿಗೆ ಹಿಡಿತ ಬರುತ್ತದೆ. ತೀರಾ ಹಗುರಾದರೆ ಹ್ಯಾಂಡಲ್ ತಿರುಗಿಸಿದರೂ ಗಾಡಿ ತಿರುಗುವುದಿಲ್ಲ. ಇದನ್ನು ಹದಕ್ಕೆ ತರಲು ಮುಂದಿನ ತೋಳಿಗೆ ಒಂದು ಪಟ್ಟಿ ಕಟ್ಟಿ ಅದು ಎಷ್ಟು ಚಾಚಬಹುದು ಎಂದು ಮಿತಿ ಹಾಕುತ್ತಾರೆ. ಹಿಂದಿನ ತೋಳಿನ ಬಳಿ ಒಂದು ತಡೆ ಇಟ್ಟು, ಒಂದು ತೋಳು ಒಂದು ಮಟ್ಟಕ್ಕಿಂತ ಹೆಚ್ಚು ಕುಗ್ಗಿದರೆ ಇನ್ನೊಂದನ್ನೂ ಜೊತೆಗೆ ಎಳೆದುಕೊಳ್ಳುವಂತೆ ಮಾಡುತ್ತಾರೆ. ಎರಡನೆಯದಕ್ಕೆ ಕಪ್ಲಿಂಗ್ ಎಂದು ಹೆಸರು. ಅದರ ವಿಷಯ ಮುಂದೆ ಬರುತ್ತದೆ.

ಇದು ಶ್ರೀಮಂತರ ಆಟಿಕೆ ಎಂದು ನಾನೂ ಮೊದಲಿಗೆ ಅಂದುಕೊಂಡಿದ್ದೆ. ಅಮೆರಿಕ, ಕೆನಡಾದಲ್ಲಿ ವಾರಾಂತ್ಯದ ಮೋಜಿಗೆ ಓಡಿಸುವವರೇ ಬಹಳ ಎಂಬುದು ಹೌದು. ಆದರೆ ಇದು ಹುಟ್ಟಿದ ಕಥೆ ಮೋಜಿನದಲ್ಲ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್ಕೂರ್ ಎಂಬ ಸಣ್ಣ ಊರಿನಲ್ಲಿ ಜೋಸೆಫ್-ಆರ್ಮಾಂಡ್ ಬೊಂಬಾರ್ಡಿಯೆ ಎಂಬ ಮೆಕ್ಯಾನಿಕ್ ಇದ್ದ. 1934ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಮಗನಿಗೆ ಹೊಟ್ಟೆಯೊಳಗೆ ಸೋಂಕಾಯಿತು. ದಾರಿಯೆಲ್ಲ ಹಿಮ ಮುಚ್ಚಿ ಆಸ್ಪತ್ರೆಗೆ ಒಯ್ಯಲಾಗದೆ ಮಗು ತೀರಿಕೊಂಡಿತು. ಹಲ್ಲುಚಕ್ರದಿಂದ ತಿರುಗುವ ಪಟ್ಟಿಗೆ ಅವನು ಪೇಟೆಂಟ್ ಪಡೆದದ್ದು 1937ರಲ್ಲಿ. ಅವನ ಮೊದಮೊದಲ ವಾಹನಗಳು ಹಲವರು ಕೂರುವ ಹಿಮದ ಬಸ್ಸಿನಂಥವು. ಒಬ್ಬಿಬ್ಬರು ಕೂರುವ ಸಣ್ಣ ‘ಸ್ಕಿ-ಡೂ’ ಬಂದದ್ದು 1959ರಲ್ಲಿ. ಅದು ಕೆಲವೇ ವರ್ಷಗಳಲ್ಲಿ ಉತ್ತರ ಫಿನ್ಲೆಂಡಿನ ಸಾಮಿ ಜನರ ಬಳಿ ತಲುಪಿತು. ಹಿಮಸಾರಂಗ ಮೇಯಿಸುವ ಅವರ ಬದುಕನ್ನು ಈ ಯಂತ್ರ ಹೇಗೆ ತಿರುವಿಹಾಕಿತು ಎಂಬುದರ ಬಗ್ಗೆ ಪೆರ್ಟ್ಟಿ ಪೆಲ್ಟೊ ಎಂಬ ಮಾನವಶಾಸ್ತ್ರಜ್ಞ 1973ರಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಅಲ್ಲಿ ಇದು ನಮ್ಮ ಟ್ರ್ಯಾಕ್ಟರ್ ಇದ್ದ ಹಾಗೆ. ದಿನವಿಡೀ ಅದರ ಮೇಲೆ ಕೂತು ದುಡಿಯುವವರಿದ್ದಾರೆ.

ನಮ್ಮ ಕಡೆಗೂ ಹಿಮ ತೀರಾ ದೂರದ್ದಲ್ಲ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಯೋಧರು ಹೂತುಹೋದರು. ಸುಮಾರು 25 ಅಡಿ ಹಿಮದಡಿಯಲ್ಲಿ ಆರು ದಿನ ಕಳೆದು ಜೀವಂತ ಸಿಕ್ಕ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ನಮ್ಮ ಕುಂದಗೋಳ ತಾಲ್ಲೂಕಿನ ಬೆಟದೂರಿನವರು. ಫೆಬ್ರುವರಿ 11ರಂದು ದೆಹಲಿಯಲ್ಲಿ ಅವರು ಕೊನೆಯುಸಿರೆಳೆದಾಗ ನಮ್ಮ ಮನೆಯಲ್ಲಿ ಯಾರೂ ಟಿ.ವಿ. ಆರಿಸಲಿಲ್ಲ. ಆ ಹತ್ತು ಜನರಲ್ಲಿ ಕೇರಳದ ಕೊಲ್ಲಂ ಜಿಲ್ಲೆಯವರೂ ಒಬ್ಬರಿದ್ದರು. ನಾನು ಕೊಚ್ಚಿಗೂ ತಿರುವನಂತಪುರಕ್ಕೂ ಓಡಾಡುವ ದಾರಿ ಆ ಜಿಲ್ಲೆಯನ್ನು ದಾಟಿಯೇ ಹೋಗುತ್ತದೆ. ಸಿಯಾಚಿನ್‌ನಲ್ಲಿ ಸೈನ್ಯ ಸಾಮಾನು ಸಾಗಿಸಲು ಹಿಮದ ಸ್ಕೂಟರ್ ಬಳಸುತ್ತದೆ ಎಂದು ಅಪ್ಪನಿಗೆ ಹೇಳಿದ ಮೇಲೆಯೇ ಅವರು ನನ್ನ ಕೆಲಸವನ್ನು ಕೆಲಸ ಎಂದು ಒಪ್ಪಿಕೊಂಡದ್ದು.

ಕೇರಳಕ್ಕೆ ಬಂದ ಮೊದಲ ಮೂರು ವರ್ಷ ನಾನಿದ್ದದ್ದು ಕೊಚ್ಚಿಯಲ್ಲಿ, ಕಾಕ್ಕನಾಡಿನ ಇನ್ಫೊಪಾರ್ಕ್ ಬಳಿ. ಅಲ್ಲಿ ನನ್ನ ಪಾಲಿಗೆ ಬಂದದ್ದು ಪಟ್ಟಿಯ ಲೆಕ್ಕ. ಹಿಮದ ಗಾಡಿಯ ಬಗ್ಗೆ ಕೊಚ್ಚಿಯಲ್ಲಿ ಕಲಿಯುವುದೇನಿದೆ ಎನ್ನಬೇಡಿ. ರಬ್ಬರಿನ ಬಗ್ಗೆ ಕೇಳಲು ಅದಕ್ಕಿಂತ ಒಳ್ಳೆಯ ಜಾಗ ದೇಶದಲ್ಲಿಲ್ಲ. ಕಳಮಶ್ಶೇರಿಯಲ್ಲಿ ಟೈರ್ ಕಾರ್ಖಾನೆಯಿದೆ, ಕೊಚ್ಚಿ ವಿಶ್ವವಿದ್ಯಾಲಯದಲ್ಲಿ ರಬ್ಬರ್ ತಂತ್ರಜ್ಞಾನಕ್ಕೇ ವಿಭಾಗವಿದೆ, ಬಸ್ಸು ಹತ್ತಿದರೆ ಕೋಟ್ಟಯಂನಲ್ಲಿ ರಬ್ಬರ್ ಮಂಡಳಿ. ನಮ್ಮ ಓಣಿಯಲ್ಲೇ ಟೈರ್ ಕಾರ್ಖಾನೆಯಿಂದ ನಿವೃತ್ತರಾದ ಒಬ್ಬ ಚೇಟನ್ ಇದ್ದರು. ಜೀವಮಾನವೆಲ್ಲ ರಬ್ಬರ್ ಕಲಸಿದವರು. ಸಂಜೆ ಅವರ ಮನೆಯ ಜಗಲಿಯಲ್ಲಿ ಕೂತು, ನನ್ನ ಅರೆಬರೆ ಮಲಯಾಳದಲ್ಲಿ, ಮೈನಸ್ 30 ಡಿಗ್ರಿಯಲ್ಲಿ ರಬ್ಬರು ಏನಾಗುತ್ತದೆ ಎಂದು ಕೇಳಿದೆ.

ಅವರು ಹೇಳಿದ್ದರಲ್ಲಿ ನಾನು ಪಠ್ಯದಲ್ಲಿ ಗಮನಿಸದೇ ಬಿಟ್ಟಿದ್ದ ಒಂದು ಸೂಕ್ಷ್ಮವಿತ್ತು. ನೈಸರ್ಗಿಕ ರಬ್ಬರು ಗಾಜಿನಂತೆ ಪೆಡಸಾಗುವುದು ಸುಮಾರು ಮೈನಸ್ 70 ಡಿಗ್ರಿಯಲ್ಲಿ. ಅಂದರೆ ಭೂಮಿಯ ಯಾವ ಚಳಿಗೂ ಹೆದರಬೇಕಿಲ್ಲ ಎಂದು ತೋರುತ್ತದೆ. ಆದರೆ ಅದನ್ನು ಮೈನಸ್ 25ರ ಆಸುಪಾಸಿನಲ್ಲಿ ಬಹಳ ಹೊತ್ತು ಸುಮ್ಮನೆ ಇಟ್ಟರೆ ಒಳಗಿನ ಎಳೆಗಳು ನಿಧಾನವಾಗಿ ಸಾಲುಗಟ್ಟಿ, ಹರಳಾಗಿ, ರಬ್ಬರು ಬಿರುಸಾಗುತ್ತದೆ. ಬೆಚ್ಚಗಾದರೆ ಮತ್ತೆ ಮೆತ್ತಗಾಗುತ್ತದೆ. ಗಂಧಕ ಹಾಕಿ ಬೇಯಿಸಿದಾಗ ಈ ಗುಣ ಬಹಳ ಮಟ್ಟಿಗೆ ತಗ್ಗುತ್ತದೆ, ಬೇರೆ ರಬ್ಬರು ಬೆರೆಸಿದರೆ ಇನ್ನಷ್ಟು. ರಾತ್ರಿಯಿಡೀ ಹೊರಗೆ ನಿಂತ ಗಾಡಿಯ ಪಟ್ಟಿ ಬೆಳಿಗ್ಗೆ ಮೊದಲ ಕೆಲವು ನಿಮಿಷ ಒಂದು ಥರ, ಓಡಿ ಬಿಸಿಯಾದ ಮೇಲೆ ಇನ್ನೊಂದು ಥರ ಇರಬಹುದು ಎಂಬುದನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಲು ನನಗೆ ಹೇಳಿಕೊಟ್ಟವರು, ಜೀವನದಲ್ಲಿ ಒಂದು ಸ್ವೆಟರನ್ನೂ ಹಾಕದ ಆ ಚೇಟನ್.

ಭಾಷೆಯ ತಾಪತ್ರಯ ಬೇರೆ. ಮಲಯಾಳದಲ್ಲಿ ಮಂಜಿಗೂ ಹಿಮಕ್ಕೂ ‘ಮಞ್ಞ್’ ಎಂಬ ಒಂದೇ ಮಾತು. ಕನ್ನಡದಲ್ಲಿ ಮಂಜು, ಇಬ್ಬನಿ, ಆಲಿಕಲ್ಲು, ಹಿಮ ಎಲ್ಲ ಇವೆ; ಆದರೆ ಮೇಲೆ ಗಾಡಿ ಓಡಿಸುವ ಹಿಮಕ್ಕೆ ನಮಗೆ ಬಗೆಬಗೆಯ ಹೆಸರಿಲ್ಲ, ಬೇಕಾಗಿಯೂ ಇರಲಿಲ್ಲ. ಗ್ರಾಹಕ ಕಂಪನಿಯ ಪರೀಕ್ಷಾ ಸವಾರರು ಪುಡಿ ಹಿಮ, ಗಟ್ಟಿ ಹಿಮ, ಕಾಳುಕಾಳಾದ ಹಿಮ, ಕೆಸರು ಹಿಮ ಎಂದು ಒಂದೊಂದನ್ನೂ ಬೇರೆಬೇರೆಯಾಗಿ ಹೇಳುತ್ತಾರೆ. ನಾನು ಅವನ್ನು ಮಣ್ಣಿಗೆ ತರ್ಜುಮೆ ಮಾಡಿಕೊಂಡೆ. ಕೆಸರು ಹಿಮ ಎಂದರೆ ನಮ್ಮ ಎರೆ ಹೊಲ. ಮಳೆ ಬಿದ್ದ ಎರೆ ಮಣ್ಣು ಗಾಲಿಗೆ ಮೆತ್ತಿಕೊಂಡು ಗಾಲಿಯ ತೂಕ ಏರುತ್ತದಲ್ಲ, ಹಾಗೆಯೇ ಆ ಹಿಮ ಹಳಿಗಳ ನಡುವೆ ತುಂಬಿಕೊಂಡು, ಗಾಡಿ ನಿಂತಾಗ ಹೆಪ್ಪುಗಟ್ಟುತ್ತದೆ. ಹಳಿಗಳಲ್ಲಿ ಅಷ್ಟೊಂದು ತೂತು ಯಾಕೆ ಎಂದು ಹೊಸಬರು ಕೇಳುತ್ತಾರೆ. ತೂಕ ಇಳಿಸುವುದು ಒಂದು ಕಾರಣ, ಹಿಮ ಉದುರಿಹೋಗಲಿ ಎಂಬುದು ಇನ್ನೊಂದು.

ತಿರುವನಂತಪುರಕ್ಕೆ ಬಂದ ಮೇಲೆ ನನಗೆ ಸಿಕ್ಕಿದ್ದು ಕೆಲಸಗಾರರಿಗೆಂದು ಮಾಡುವ ಉದ್ದ ಪಟ್ಟಿಯ, ಇಬ್ಬರು ಕೂರುವ ಗಾಡಿ. ಒಬ್ಬ ಸವಾರ ಕೂತರೆ ಒಂದು ಭಾರ. ಇಬ್ಬರು ಕೂತು ಹಿಂದೆ ಸಾಮಾನಿನ ಪೆಟ್ಟಿಗೆ ಕಟ್ಟಿದರೆ ಅದರ ಎರಡು ಪಟ್ಟಿಗೂ ಹೆಚ್ಚು. ಸಭೆಗಳು ಸಂಜೆ ಏಳೂವರೆಗೆ, ಅಲ್ಲಿ ಬೆಳಿಗ್ಗೆ ಎಂಟು. ಇಲ್ಲಿ ಕಿಟಕಿಯ ಹೊರಗೆ ಫೆಬ್ರುವರಿಯ ಸೆಕೆ, ಪರದೆಯ ಮೇಲೆ ಮೂಗು ಕೆಂಪಾದ ಜನ. ಅವರಲ್ಲಿ ಒಬ್ಬ ವಯಸ್ಸಾದ ಪರೀಕ್ಷಾ ಸವಾರರು. ಹೆಚ್ಚು ಮಾತಿಲ್ಲ. ಪ್ರತಿ ವಾರ ಒಂದೇ ದೂರು: ‘ಒಬ್ಬನೇ ಕೂತಾಗ ಹಿಂದಿನಿಂದ ಒದೆಯುತ್ತದೆ.’

ನಮ್ಮ ಕಂಪ್ಯೂಟರಿನಲ್ಲಿ ಒದೆತ ಇರಲಿಲ್ಲ. ಗೆರೆಗಳೆಲ್ಲ ಸರಿಯಾಗಿದ್ದವು. ಯೋಜನೆಯ ಮುಖ್ಯಸ್ಥರಿಗೆ ವಿನ್ಯಾಸವನ್ನು ಅಲ್ಲಿಗೆ ಮುಗಿಸಿ ಮುಂದಕ್ಕೆ ಹೋಗುವ ಆತುರ. ಅದು ತಪ್ಪೇನಲ್ಲ, ಅವರಿಗೆ ಅಚ್ಚಿನ ಖರ್ಚು, ಗಡುವು ಎಲ್ಲ ಇವೆ.

ಆ ಒದೆತ ನನಗೆ ಗೊತ್ತಾದದ್ದು ಬಸ್ಸಿನಲ್ಲಿ. ವಾರದ ಕೊನೆಗೆ ಕೊಚ್ಚಿಗೆ ಹೋಗಿಬರುವುದು ನನ್ನ ರೂಢಿ. ಹೆಂಡತಿಯ ನೌಕರಿ ಅಲ್ಲೇ. ಸುಮಾರು 200 ಕಿಲೊಮೀಟರ್. ರೈಲು ತಪ್ಪಿದರೆ ಬಸ್ಸು, ತಡವಾಗಿ ಹತ್ತಿದರೆ ಹಿಂದಿನ ಸೀಟು. ಹಿಂದಿನ ಸೀಟಿನ ಅನುಭವ ಎಲ್ಲ ಕನ್ನಡಿಗರಿಗೂ ಇದೆ, ವಿವರಿಸಬೇಕಿಲ್ಲ. ಅದರ ಹಿಂದಿನ ಲೆಕ್ಕವನ್ನು ಮಾತ್ರ ಹೇಳುತ್ತೇನೆ. ಬಸ್ಸಿನ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಸುಮಾರು 6 ಮೀಟರ್ ಅಂತರ ಎಂದುಕೊಳ್ಳಿ. ಗಂಟೆಗೆ 54 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 15 ಮೀಟರ್. ಮುಂದಿನ ಚಕ್ರ ಹತ್ತಿದ ಉಬ್ಬನ್ನು ಹಿಂದಿನ ಚಕ್ರ ಹತ್ತುವುದು 0.4 ಸೆಕೆಂಡ್ ತಡವಾಗಿ. ಅಷ್ಟು ಹೊತ್ತಿಗೆ ಬಸ್ಸಿನ ಮೂತಿ ಮೇಲೆ ಹೋಗಿ ಕೆಳಗಿಳಿಯುತ್ತಿರುತ್ತದೆ. ಹಿಂಬದಿ ಆಗಷ್ಟೇ ಏಳುತ್ತದೆ. ಇಡೀ ಬಸ್ಸು ತಕ್ಕಡಿಯಂತೆ ತೂಗುತ್ತದೆ. ಹಿಂದಿನ ಸೀಟು ಹಿಂದಿನ ಚಕ್ರಕ್ಕಿಂತಲೂ ಆಚೆ, ತಕ್ಕಡಿಯ ತುದಿಯಲ್ಲಿರುವುದರಿಂದ ಒದೆತವೆಲ್ಲ ಅಲ್ಲಿ ಕೂತವರ ಬೆನ್ನಿಗೆ. 1930ರ ದಶಕದಲ್ಲಿ ಜನರಲ್ ಮೋಟರ್ಸ್‌ನಲ್ಲಿದ್ದ ಮಾರಿಸ್ ಆಲಿ ಎಂಬ ಎಂಜಿನಿಯರ್ ಇದಕ್ಕೊಂದು ಉಪಾಯ ಕಂಡುಕೊಂಡರು: ಹಿಂದಿನ ಸ್ಪ್ರಿಂಗಿನ ತೂಗಾಟ ಮುಂದಿನದಕ್ಕಿಂತ ತುಸು ಚುರುಕಾಗಿದ್ದರೆ, ತಡವಾಗಿ ಹೊರಟ ಹಿಂಬದಿ ಬೇಗ ಮುಂಬದಿಯನ್ನು ಕೂಡಿಕೊಳ್ಳುತ್ತದೆ, ತಕ್ಕಡಿಯಾಟ ನಿಂತು ಗಾಡಿ ಸಮನಾಗಿ ಏರಿಳಿಯುತ್ತದೆ. ಇಂದಿಗೂ ಕಾರುಗಳಿಗೆ ಅದೇ ಸೂತ್ರ.

ಸ್ನೋಮೊಬೈಲ್‌ಗೆ ಈ ಸೂತ್ರ ಹೊಂದುವುದಿಲ್ಲ. ಅದರ ಎರಡು ತೋಳುಗಳ ನಡುವಿನ ಅಂತರ ಒಂದು ಮೀಟರಿಗಿಂತ ಕಡಿಮೆ. ಅದೇ ವೇಗದಲ್ಲಿ 0.07 ಸೆಕೆಂಡ್ ಕೂಡ ಸಿಗುವುದಿಲ್ಲ. ಸ್ಪ್ರಿಂಗು ಕಾದು ನೋಡುವಷ್ಟು ಸಮಯವೇ ಇಲ್ಲ. ಅದಕ್ಕೇ ಕಪ್ಲಿಂಗ್. ಹಳಿಯ ಮೂತಿಗೆ ಉಬ್ಬು ತಗುಲಿ ಮುಂದಿನ ತೋಳು ಕುಗ್ಗಿದ ಕೂಡಲೇ ಅದು ಹಿಂದಿನ ತೋಳನ್ನೂ ಕುಗ್ಗಿಸುತ್ತದೆ. ಉಬ್ಬು ಹಿಂದಕ್ಕೆ ತಲುಪುವ ಹೊತ್ತಿಗೆ ಹಿಂಬದಿ ಆಗಲೇ ಜಾಗ ಬಿಟ್ಟುಕೊಟ್ಟಿರುತ್ತದೆ. ಆ ತಡೆಯನ್ನು ಎಲ್ಲಿ ಇಡುತ್ತೀರಿ ಎಂಬುದರ ಮೇಲೆ ಸವಾರನ ಬೆನ್ನು ನಿಂತಿದೆ. ಹಿಂದಿನ ಸ್ಪ್ರಿಂಗನ್ನು ಇಬ್ಬರ ಭಾರಕ್ಕೆ ಹೊಂದಿಸಿದ್ದರೆ, ಒಬ್ಬನೇ ಕೂತಾಗ ಅದು ಕುಗ್ಗಲು ಒಪ್ಪುವುದೇ ಇಲ್ಲ. ಕಪ್ಲಿಂಗ್ ಎಳೆದರೂ ಬರುವುದಿಲ್ಲ.

ಬಸ್ಸಿನ ಲೀಫ್ ಸ್ಪ್ರಿಂಗಿನ ಕಥೆಯೂ ಇದೇ. ಗ್ಯಾರೇಜಿನವರು ಪ್ಲೇಟು ಎನ್ನುವ ಆ ಉಕ್ಕಿನ ಪಟ್ಟಿಗಳನ್ನು ತುಂಬಿದ ಬಸ್ಸಿಗೆಂದು ಲೆಕ್ಕಹಾಕಿರುತ್ತಾರೆ. ಬಸ್ಸು ಖಾಲಿಯಿದ್ದಾಗ ಅದೇ ಪ್ಲೇಟು ಕಲ್ಲಿನಂತೆ ವರ್ತಿಸುತ್ತದೆ. ಪ್ಲೇಟಿಗೂ ಪ್ಲೇಟಿಗೂ ತಿಕ್ಕಾಟ ಇರುವುದರಿಂದ ಸಣ್ಣ ಉಬ್ಬಿಗೆ ಅವು ಅಲುಗುವುದೇ ಇಲ್ಲ, ನೇರ ಮೇಲಕ್ಕೆ ದಾಟಿಸುತ್ತವೆ. ಏರ್ ಸಸ್ಪೆನ್ಷನ್ ಇರುವ ದೂರದ ಬಸ್ಸುಗಳಲ್ಲಿ ಗಾಳಿಯ ಚೀಲದ ಒತ್ತಡವನ್ನು ಭಾರಕ್ಕೆ ತಕ್ಕಂತೆ ಏರಿಸಿ ಇಳಿಸುವ ವ್ಯವಸ್ಥೆ ಇರುತ್ತದೆ, ಆದ್ದರಿಂದ ಎಷ್ಟೇ ಜನರಿದ್ದರೂ ತೂಗಾಟ ಹೆಚ್ಚುಕಡಿಮೆ ಒಂದೇ. ಬೆಂಗಳೂರಿಂದ ಬರುವಾಗ ನಿದ್ದೆ ಬರುವುದು ಸೀಟಿನ ಮೆತ್ತೆಯಿಂದಲ್ಲ.

ಒಂದು ರಾತ್ರಿ ಆಲಪ್ಪುಳ ದಾಟಿದ ಮೇಲೆ, ಮುಕ್ಕಾಲು ಖಾಲಿಯಾದ ಬಸ್ಸಿನಲ್ಲಿ ಫೋನನ್ನು ಸೀಟಿಗೆ ಒತ್ತಿಹಿಡಿದು ಕಂಪನ ದಾಖಲಿಸಿದೆ. ಮನೆಗೆ ಹೋಗಿ ನೋಡಿದರೆ ಸರಾಸರಿ ಏನೂ ಭಯಂಕರವಲ್ಲ. ನಡುನಡುವೆ ಕಡ್ಡಿಯಂತೆ ಎದ್ದುನಿಂತ ಕೆಲವೇ ಪೆಟ್ಟುಗಳು. ನನ್ನ ಬೆನ್ನು ನೆನಪಿಟ್ಟುಕೊಂಡದ್ದು ಆ ಪೆಟ್ಟುಗಳನ್ನು, ಸರಾಸರಿಯನ್ನಲ್ಲ.

ಮೈಗೆ ತಗುಲುವ ಕಂಪನವನ್ನು ಅಳೆಯಲು ಐಎಸ್‌ಒ 2631 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಮೇಲೆ ಕೆಳಗಿನ ಅಲುಗಾಟದಲ್ಲಿ ಸೆಕೆಂಡಿಗೆ 4ರಿಂದ 8 ಸಲ ಬರುವುದಕ್ಕೆ ಅದು ಹೆಚ್ಚು ತೂಕ ಕೊಡುತ್ತದೆ, ಏಕೆಂದರೆ ಕೂತ ಮನುಷ್ಯನ ಬೆನ್ನು, ಹೊಟ್ಟೆ ಅಲುಗುವುದು ಆ ಲಯಕ್ಕೇ. ಯುರೋಪಿನಲ್ಲಿ 2002ರ ಒಂದು ನಿರ್ದೇಶನವಿದೆ: ಎಂಟು ಗಂಟೆಯ ದುಡಿಮೆಯಲ್ಲಿ ಈ ಕಂಪನ 0.5 ದಾಟಿದರೆ ಮಾಲೀಕ ಕ್ರಮ ಕೈಗೊಳ್ಳಬೇಕು, 1.15 ದಾಟುವಂತೆಯೇ ಇಲ್ಲ. ಅಳತೆ ಮೀಟರ್-ಸೆಕೆಂಡ್-ಸೆಕೆಂಡಿನದು. ರೂಢಿಯ ಲೆಕ್ಕದಲ್ಲಿ ಪ್ರತಿ ಅಲುಗಾಟವನ್ನು ವರ್ಗ ಮಾಡಿ ಸರಾಸರಿ ತೆಗೆಯುತ್ತಾರೆ. ಆದರೆ ಪೆಟ್ಟುಗಳಿರುವ ಕಡೆ ಅದು ಸಾಲದು ಎಂದು ಅದೇ ಮಾನದಂಡ ಇನ್ನೊಂದು ಲೆಕ್ಕ ಕೊಟ್ಟಿದೆ, ವರ್ಗದ ಬದಲು ನಾಲ್ಕನೇ ಘಾತ. ಮೂರು ಪಟ್ಟು ದೊಡ್ಡ ಪೆಟ್ಟು ಮೊದಲ ಲೆಕ್ಕದಲ್ಲಿ 9 ಪಟ್ಟು ತೂಗಿದರೆ ಎರಡನೆಯದರಲ್ಲಿ 81 ಪಟ್ಟು ತೂಗುತ್ತದೆ. ಬೆನ್ನುಮೂಳೆಯ ಲೆಕ್ಕ ಎರಡನೆಯದಕ್ಕೆ ಹತ್ತಿರ.

ಸೋಮವಾರ ನಾನೂ ಪಾಲಕ್ಕಾಡಿನ ಸಹೋದ್ಯೋಗಿಯೂ ಗಾಡಿಯ ಹಳೆಯ ದತ್ತಾಂಶವನ್ನೆಲ್ಲ ನಾಲ್ಕನೇ ಘಾತದಲ್ಲಿ ಮತ್ತೆ ಲೆಕ್ಕಹಾಕಿದೆವು. ಇಬ್ಬರು ಕೂತಾಗಿನ ಅಂಕಿ ಸರಿಯಾಗಿತ್ತು. ಒಬ್ಬರೇ ಕೂತಾಗ ಎದ್ದು ಕಾಣುವಂತೆ ಕೆಟ್ಟಿತ್ತು. ಪೆಟ್ಟು ಬಿದ್ದ ಗಳಿಗೆಗಳನ್ನು ವಿಡಿಯೊ ಜೊತೆ ಹೊಂದಿಸಿದಾಗ, ಸವಾರರು ಪ್ರತಿ ವಾರ ಹೇಳುತ್ತಿದ್ದ ಅದೇ ಜಾಗ: ಓಡಾಡಿ ಓಡಾಡಿ ಗಾಡಿಗಳೇ ಹಿಮದಲ್ಲಿ ಮೂಡಿಸಿದ ಸಾಲು ಸಾಲು ಉಬ್ಬುಗಳು. ಮೊರಂ ರಸ್ತೆಯಲ್ಲಿ ಲಾರಿಗಳು ಮೂಡಿಸುವ ಅಲೆಗಳಂಥವೇ.

ನಾವು ಮೂರು ಬದಲಾವಣೆ ಕೇಳಿದೆವು. ಹಿಂದಿನ ತೋಳಿನ ಕೀಲನ್ನು ಸರಿಸಿ, ಕುಗ್ಗಿದಷ್ಟೂ ಗಟ್ಟಿಯಾಗುವಂತೆ ಮಾಡುವುದು. ಶಾಕ್ ಅಬ್ಸಾರ್ಬರಿನ ಕವಾಟವನ್ನು ವೇಗದ ಪೆಟ್ಟಿಗೆ ಸಡಿಲಗೊಳಿಸುವುದು. ಸ್ಪ್ರಿಂಗ್ ಬಿಗಿ ಮಾಡುವ ಮೂರು ಹಂತದ ತಿರುಪಿದೆಯಲ್ಲ, ಕಾರ್ಖಾನೆಯಿಂದ ಹೊರಡುವಾಗ ಅದನ್ನು ಮೆದು ಹಂತದಲ್ಲಿಡುವುದು. ಮೊದಲನೆಯದಕ್ಕೆ ಹೊಸ ಅಚ್ಚು ಬೇಕು, ಆಗುವುದಿಲ್ಲ ಎಂದರು. ಉಳಿದೆರಡನ್ನು ಒಪ್ಪಿದರು. ಮೂರನೆಯದಕ್ಕೆ ಖರ್ಚೇ ಇಲ್ಲ, ಆದರೂ ಅದರ ಮೇಲೇ ಹೆಚ್ಚು ಚರ್ಚೆಯಾಯಿತು. ‘ಬೇಕಾದವರು ತಿರುಪು ತಿರುಗಿಸಿಕೊಳ್ಳುತ್ತಾರೆ’ ಎಂಬುದು ಅವರ ವಾದ. ಈ ಮಾತನ್ನು ನಾನು ಒಪ್ಪುವುದಿಲ್ಲ. ಬೈಕಿನ ಹಿಂದಿನ ಶಾಕ್ ಅಬ್ಸಾರ್ಬರಿಗೂ ಅಂಥ ತಿರುಪು ಇರುತ್ತದೆ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡಾಗ ಒಮ್ಮೆ ಬಿಗಿ ಮಾಡಿ, ಒಬ್ಬರೇ ಹೋಗುವಾಗ ಮತ್ತೆ ಸಡಿಲಿಸುವವರನ್ನು ನೀವು ಎಷ್ಟು ಜನ ಕಂಡಿದ್ದೀರಿ? ಕಾರ್ಖಾನೆ ಇಟ್ಟದ್ದೇ ಕೊನೆಯವರೆಗೆ.

ಈ ವಿಷಯದಲ್ಲಿ ನನಗಿರುವ ಹಟಕ್ಕೆ ಮನೆಯ ಕಾರಣವೂ ಇದೆ. ನಮ್ಮ ಕಾಕಾ ಇಪ್ಪತ್ತೆಂಟು ವರ್ಷ ಹಳ್ಳಿ ರೂಟಿನ ಬಸ್ಸು ಓಡಿಸಿದರು. ಸೀಟಿನ ಮೇಲೆ ಅಜ್ಜಿ ಹೊಲಿದ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಕಿಕೊಳ್ಳುತ್ತಿದ್ದರು. ನೋವು ಹೆಚ್ಚಾದಂತೆ ಮಡಿಕೆಯೂ ಹೆಚ್ಚಾಯಿತು. ನಿವೃತ್ತಿಗೆ ಎರಡು ವರ್ಷ ಮೊದಲೇ ಬಗ್ಗಿ ಚಪ್ಪಲಿ ಹಾಕಿಕೊಳ್ಳಲಾಗದೆ ರಜೆಯ ಮೇಲೆ ಕೂತರು. ಕಂಪನದ ಪಾಠ ಓದಿದ ಮೇಲೆ ನನಗೆ ತಿಳಿದದ್ದು, ಮೆತ್ತನೆಯ ಸೀಟು ಸೆಕೆಂಡಿಗೆ ಸುಮಾರು 4 ಸಲದ ಅಲುಗಾಟವನ್ನು ತಗ್ಗಿಸುವ ಬದಲು ಹೆಚ್ಚಿಸುತ್ತದೆ ಎಂದು. ಕೂತ ಕೂಡಲೇ ಹಿತ, ಆದರೆ ಬೆನ್ನಿಗೆ ಯಾವ ಲಯ ಆಗದೋ ಅದನ್ನೇ ಅದು ಬಲಪಡಿಸುತ್ತದೆ. ಬೇಕಾದದ್ದು ಮೆತ್ತೆಯಲ್ಲ, ಸೀಟಿನ ಕೆಳಗೆ ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಇರುವ, ಡ್ರೈವರನ ತೂಕಕ್ಕೆ ಹೊಂದಿಸಿದ ಪೀಠ. ಅದು ಹೊಸ ವಿದ್ಯೆಯೇನೂ ಅಲ್ಲ, ದೊಡ್ಡ ಲಾರಿಗಳಲ್ಲಿ ಎಷ್ಟೋ ವರ್ಷಗಳಿಂದ ಇದೆ.

ಟೆಕ್ನೋಪಾರ್ಕಿನಲ್ಲಿ ಕೂತು ಪ್ರಪಂಚದ ಯಾವುದೋ ಮೂಲೆಯ ಸವಾರನ ಬೆನ್ನಿಗೆ ಮಿಲಿಮೀಟರ್ ಲೆಕ್ಕದಲ್ಲಿ ತಲೆ ಕೆಡಿಸಿಕೊಳ್ಳುವ ನಮ್ಮಂಥ ಹಲವು ನೂರು ಜನ ಇಲ್ಲಿದ್ದಾರೆ. ಅವರಲ್ಲಿ ಹುಬ್ಬಳ್ಳಿ, ದಾವಣಗೆರೆ, ಮಂಗಳೂರಿನವರೂ ಇದ್ದಾರೆ. ಅದಕ್ಕೆ ಸಂಬಳ ಬರುತ್ತದೆ, ನಾಚಿಕೆಪಡುವಂಥದ್ದೇನೂ ಇಲ್ಲ. ಹಿಮಸಾರಂಗ ಮೇಯಿಸುವವನ ಬೆನ್ನೂ ಬೆನ್ನೇ. ಆದರೆ ಅದೇ ಲೆಕ್ಕ, ಅದೇ ಸಾಫ್ಟ್‌ವೇರು, ಅದೇ ನಾಲ್ಕನೇ ಘಾತ ಹಳ್ಳಿ ರೂಟಿನ ಡ್ರೈವರ್ ಸೀಟಿಗೆ ಬಂದು ತಲುಪುವುದಿಲ್ಲವಲ್ಲ ಎಂಬ ಕಿರಿಕಿರಿ ನನಗಿದೆ. ಬೇಡಿಕೆ ಇರುವವರು ದುಡ್ಡು ಕೊಡುತ್ತಾರೆ, ನೋವು ಇರುವವರ ಕೈಯಲ್ಲಿ ಖರೀದಿಯ ಸಹಿ ಇರುವುದಿಲ್ಲ.

ಕಳೆದ ವರ್ಷದಿಂದ ನಾನೂ ಆ ಪಾಲಕ್ಕಾಡಿನ ಗೆಳೆಯನೂ ಶನಿವಾರಗಳಲ್ಲಿ ಇಲ್ಲಿನ ಎಂಜಿನಿಯರಿಂಗ್ ಕಾಲೇಜೊಂದರ ನಾಲ್ಕು ಹುಡುಗರ ಜೊತೆ ಸೇರಿ ಅಂಥ ಒಂದು ಪೀಠ ಮಾಡುತ್ತಿದ್ದೇವೆ. ಕತ್ತರಿಯಂತೆ ಮಡಚುವ ಎರಡು ಜೋಡಿ ತೋಳು, ಬೈಕಿನ ಒಂದು ಶಾಕ್ ಅಬ್ಸಾರ್ಬರು. ಕೀಲಿನ ಜಾಗ ಹುಡುಕಲು ಬಳಸಿದ್ದು ಸ್ನೋಮೊಬೈಲಿನ ಹಿಂದಿನ ತೋಳಿಗೆ ನಾವು ಬರೆದುಕೊಂಡಿದ್ದ ಸೂತ್ರವನ್ನೇ. ಸದ್ಯಕ್ಕೆ ಅದು ಒಂದು ಖಾಸಗಿ ಬಸ್ಸಿನ ಡ್ರೈವರ್ ಚೇಟನ್ ಕೃಪೆಯಿಂದ ಕಳಕ್ಕೂಟ್ಟಂ ಸುತ್ತ ಓಡುತ್ತಿದೆ. ಅವರ ದೂರು: ಕ್ಲಚ್ ಒತ್ತಿದಾಗ ಸೀಟು ಹಿಂದಕ್ಕೆ ಜಗ್ಗಿದಂತಾಗುತ್ತದೆ. ಹುಡುಗರು ಗೆರೆ ಸರಿಯಾಗಿದೆ ಎನ್ನುತ್ತಾರೆ. ಡ್ರೈವರ್ ಹೇಳಿದ್ದನ್ನೇ ನಂಬಿ ಎಂದು ಹೇಳಿ, ಮುಂದಿನ ಶನಿವಾರಕ್ಕೆ ಎಡಗಾಲಿನ ಬಲವನ್ನೂ ಲೆಕ್ಕಕ್ಕೆ ಸೇರಿಸಲು ಒಪ್ಪಿಸಿದ್ದೇನೆ. ಡಿಸೆಂಬರಿನಲ್ಲಿ ಇನ್ನೊಂದು ಉತ್ತರ ಬರಬೇಕಿದೆ: ಬದಲಾಯಿಸಿದ ಕವಾಟ, ಮೆದು ಹಂತದ ತಿರುಪಿನ ಗಾಡಿಗಳು ಹಿಮಕ್ಕಿಳಿಯುತ್ತವೆ, ಆ ವಯಸ್ಸಾದ ಸವಾರರು ಒಬ್ಬರೇ ಕೂತು ಓಡಿಸುತ್ತಾರೆ.